ಸೇವೆಯೂ ವಿದ್ಯೆಯೂ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ನಾಯಂಡಹಳ್ಳಿಯನ್ನು ದಾಟಿದ ಮೇಲೆ ಸಿಕ್ಕುವ ಕೆಂಗೇರಿ ಉಪನಗರವನ್ನು ಶ್ರೋತೃಗಳಲ್ಲಿ ಅನೇಕರು ಬಲ್ಲರು. 2021ರ ಆಗಸ್ಟ್ ತಿಂಗಳಿನಲ್ಲಿ ಮೆಟ್ರೊ ರೈಲು ಕೆಂಗೇರಿಯವರೆಗೆ ಬಂದಮೇಲಂತೂ ಅದು ಊರಾಚೆಯ ಊರೆಂಬ ಭಾವನೆ ಬಹಳಮಟ್ಟಿಗೆ ಅಳಿಸಿಹೋಗಿದೆ. ಈ ಉಪನಗರದ ಸುತ್ತಮುತ್ತ ಕಾಲೇಜುಗಳಿಗೆ ಬರವಿಲ್ಲ. ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿ ಆವರಣವೂ ಇಲ್ಲಿಗೆ ಸಮೀಪದಲ್ಲಿಯೇ ಇದೆ. ಆದ್ದರಿಂದ ರಜಾದಿನದ ಬೆಳಗ್ಗೆ ಇಲ್ಲಿ ಒಂದು ನೋಟ ಆಗಾಗ ಕಣ್ಣಿಗೆ ಬೀಳುತ್ತದೆ. ಒಂದೇ ಬಣ್ಣದ ಅಂಗಿಗಳನ್ನು ತೊಟ್ಟ ಮೂವತ್ತು ನಲವತ್ತು ಮಂದಿ ವಿದ್ಯಾರ್ಥಿಗಳು ಕೈಗೆ ರಬ್ಬರಿನ ಗವಸು ಹಾಕಿಕೊಂಡು ರಸ್ತೆಯ ಬದಿಯ ಕಸವನ್ನು ಆಯುತ್ತಾರೆ, ಇಲ್ಲವೆ ಗುಂಡಿ ತೋಡಿ ಸಸಿ ನೆಡುತ್ತಾರೆ. ಹತ್ತು ಗಂಟೆಗೆ ಉಪ್ಪಿಟ್ಟು. ಹನ್ನೊಂದಕ್ಕೆ ಪಟ ತೆಗೆಯುವುದು. ಆಮೇಲೆ ಎಲ್ಲರೂ ಮನೆಗೆ. ಅವರನ್ನು ಕರೆತಂದ ಉಪಾಧ್ಯಾಯರು ಹಾಜರಿ ಪುಸ್ತಕದಲ್ಲಿ ಗಂಟೆಗಳನ್ನು ಬರೆದುಕೊಳ್ಳುತ್ತಾರೆ. ನಾವೂ ಅಂಥ ಉಪಾಧ್ಯಾಯರಲ್ಲಿ ಒಬ್ಬರು. ನಾವು ಪಾಠ ಹೇಳುವುದು ರಸಾಯನಶಾಸ್ತ್ರ. ಎಷ್ಟೋ ವರ್ಷ ಹೀಗೆ ಗಂಟೆಗಳನ್ನು ಬರೆದು ಸಹಿ ಮಾಡಿದ ಮೇಲೆ ನಮ್ಮಲ್ಲಿ ಹುಟ್ಟಿದ ಒಂದು ಸಂದೇಹವನ್ನು ಈ ಹೊತ್ತು ತಮ್ಮ ಮುಂದೆ ಇಡಬಯಸುತ್ತೇವೆ.

ಸಂದೇಹವೇನೆಂದರೆ, ಇದು ಸೇವೆಯೇನೋ ಹೌದು, ತಕ್ಕಮಟ್ಟಿಗೆ. ಆದರೆ ಇದರಲ್ಲಿ ವಿದ್ಯೆ ಎಲ್ಲಿದೆ?

ಇಂಗ್ಲಿಷಿನಲ್ಲಿ ‘ಸರ್ವಿಸ್ ಲರ್ನಿಂಗ್’ ಎಂಬುದೊಂದು ಮಾತುಂಟು. 1967ರ ಸುಮಾರಿಗೆ ಅಮೆರಿಕದ ದಕ್ಷಿಣ ಪ್ರಾಂತ್ಯಗಳಲ್ಲಿ ರಾಬರ್ಟ್ ಸಿಗ್ಮನ್ ಮತ್ತು ವಿಲಿಯಂ ರಾಮ್ಸೆ ಎಂಬವರು ಅದನ್ನು ಬಳಕೆಗೆ ತಂದರು. ನಾವು ಅದಕ್ಕೆ ಸೇವಾಧ್ಯಯನವೆಂಬ ಹೆಸರನ್ನಿಟ್ಟುಕೊಳ್ಳೋಣ. ಬರಿಯ ಸೇವೆಯಲ್ಲಿ ಲಾಭ ಪಡೆಯುವವನು ಸೇವೆಯನ್ನು ಹೊಂದುವವನು. ಕಾರ್ಖಾನೆಯ ತರಬೇತಿಯಲ್ಲಿ ಲಾಭ ಪಡೆಯುವವನು ವಿದ್ಯಾರ್ಥಿ. ಸೇವಾಧ್ಯಯನದಲ್ಲಿ ಇಬ್ಬರಿಗೂ ಲಾಭವುಂಟಾಗಬೇಕು, ಮತ್ತು ವಿದ್ಯಾರ್ಥಿ ಹೊರಗೆ ಮಾಡಿದ ಕೆಲಸವು ಅವನು ತರಗತಿಯಲ್ಲಿ ಓದುತ್ತಿರುವ ಶಾಸ್ತ್ರಕ್ಕೆ ಸಂಬಂಧಪಟ್ಟಿರಬೇಕು. ಸಿಗ್ಮನ್ನರು 1979ರಲ್ಲಿ ಬರೆದ ಲೇಖನವೊಂದರಲ್ಲಿ ಇದಕ್ಕೆ ಮೂರು ಸೂತ್ರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಮೊದಲನೆಯದು ನಮ್ಮಂಥವರನ್ನು ಬೆಚ್ಚಿಬೀಳಿಸತಕ್ಕದ್ದು: ಯಾವ ಸೇವೆ ನಡೆಯಬೇಕೆಂಬುದರ ಅಧಿಕಾರವು ಸೇವೆಯನ್ನು ಪಡೆಯುವವರ ಕೈಯಲ್ಲಿರಬೇಕು. ನಾವಾದರೋ ಸಸಿಗಳನ್ನು ಲಾರಿಯಲ್ಲಿ ತುಂಬಿಕೊಂಡು ಊರಿನ ಬಾಗಿಲಿಗೆ ಹೋದಮೇಲೆ, ಎಲ್ಲಿ ನೆಡಬಹುದೆಂದು ಕೇಳಿದವರು.

ವಿದ್ಯಾಲಯಕ್ಕೂ ನಾಡಿಗೂ ನಂಟು ಬೇಕೆಂಬ ಯೋಚನೆ ನಮ್ಮ ದೇಶಕ್ಕೆ ಹೊಸದಲ್ಲ. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು ಪ್ರಚಾರೋಪನ್ಯಾಸಗಳೆಂಬ ಹೆಸರಿನಲ್ಲಿ ಊರೂರಿಗೆ ಹೋಗಿ ಶಾಸ್ತ್ರವಿಷಯಗಳನ್ನು ಕನ್ನಡದಲ್ಲಿ ಜನಕ್ಕೆ ತಿಳಿಸಿಕೊಟ್ಟರು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ರೇಡಿಯೊ ಕೇಂದ್ರವೊಂದನ್ನು ಆರಂಭಿಸಿದ್ದನ್ನೂ ಈ ಸಾಲಿನಲ್ಲಿಯೇ ಎಣಿಸತಕ್ಕದ್ದು. ಇವೆಲ್ಲ ದೊಡ್ಡ ಕೆಲಸಗಳೇ. ಆದರೆ ಇವುಗಳಲ್ಲಿ ವಿದ್ಯೆ ಹರಿದದ್ದು ಒಂದೇ ದಿಕ್ಕಿಗೆ. ಬಲ್ಲವರಿಂದ ಅರಿಯದವರ ಕಡೆಗೆ. ಹಳ್ಳಿಯವನಿಂದ ಪ್ರಾಧ್ಯಾಪಕನು ಕಲಿಯತಕ್ಕದ್ದೂ ಏನಾದರೂ ಇದ್ದೀತೆಂಬುದು ಆ ವ್ಯವಸ್ಥೆಯೊಳಗೆ ಸೇರಿರಲಿಲ್ಲ. ರವೀಂದ್ರನಾಥ ಠಾಕೂರರು 1922ರಲ್ಲಿ ಲೆನರ್ಡ್ ಎಲ್ಮ್‌ಹರ್ಸ್ಟರ ನೆರವಿನಿಂದ ಶ್ರೀನಿಕೇತನದಲ್ಲಿ ಆರಂಭಿಸಿದ ಗ್ರಾಮೋದ್ಧಾರದ ಕಾರ್ಯದಲ್ಲಿ ಈ ಎರಡನೆಯ ದಿಕ್ಕಿನ ಹರಿವೂ ಉಂಟೆಂಬುದನ್ನು ಇಲ್ಲಿ ಹೇಳದೆ ಇರಲಾಗದು.

ಸ್ವಾತಂತ್ರ್ಯಾನಂತರ ಈ ಯೋಚನೆಗೆ ದೇಶವ್ಯಾಪಿಯಾದ ರೂಪ ಬಂದದ್ದು ರಾಷ್ಟ್ರೀಯ ಸೇವಾ ಯೋಜನೆಯಿಂದ. 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿಯವರ ಶತಮಾನೋತ್ಸವದ ವರ್ಷದಲ್ಲಿ, ಅಂದಿನ ಕೇಂದ್ರ ಶಿಕ್ಷಣ ಮಂತ್ರಿಗಳಾದ ಡಾಕ್ಟರ್ ವಿ. ಕೆ. ಆರ್. ವಿ. ರಾವ್ ಅವರು ಅದನ್ನು 37 ವಿಶ್ವವಿದ್ಯಾನಿಲಯಗಳಲ್ಲಿ ಪ್ರಾರಂಭಿಸಿದರು. ರಾವ್ ಅವರು ಆಗ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾದವರು. 1972ರಲ್ಲಿ ಅವರು ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯು ನಮ್ಮ ಉಪನಗರಕ್ಕೆ ನೆರೆಯದೇ ಆದ ನಾಗರಭಾವಿಯಲ್ಲಿದೆ. ಈ ಯೋಜನೆಯ ಸ್ವಯಂಸೇವಕನು ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷ ಕೆಲಸ ಮಾಡಬೇಕು. ಅದರ ಜೊತೆಗೆ ಒಂದು ಹಳ್ಳಿಯಲ್ಲಿ ಏಳು ದಿನಗಳ ಶಿಬಿರ. ರಾವ್ ಅವರು ಅರ್ಥಶಾಸ್ತ್ರಜ್ಞರು, ಎಣಿಸಿ ಅಳೆದು ನೋಡುವ ಬುದ್ಧಿಯವರು. ಅವರ ಯೋಜನೆಯಿಂದ ನಮ್ಮ ಕೈಗೆ ಉಳಿದದ್ದು ಮಾತ್ರ ಗಂಟೆಗಳ ಎಣಿಕೆ.

ಈಚೆಗೆ ಎಂಜಿನಿಯರಿಂಗ್ ಕಾಲೇಜುಗಳಲ್ಲಿಯೂ ಇದು ಪಾಠದೊಳಗೆ ಬಂದಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಮೂರನೆಯ ಸೆಮಿಸ್ಟರಿಗೆ ಸಾಮಾಜಿಕ ಸಂಪರ್ಕ ಮತ್ತು ಹೊಣೆಗಾರಿಕೆ ಎಂಬ ಅರ್ಥದ ಹೆಸರಿನ ವಿಷಯವೊಂದಿದೆ. ಒಂದು ಮರವನ್ನು ನೆಟ್ಟು ದತ್ತು ತೆಗೆದುಕೊಳ್ಳುವುದು, ಪರಂಪರೆಯ ಸ್ಥಳಗಳನ್ನೂ ಕುಶಲಕಲೆಗಳನ್ನೂ ನೋಡಿ ತಿಳಿಯುವುದು, ಸಾವಯವ ಕೃಷಿ ಮತ್ತು ಕಸದ ವಿಲೇವಾರಿ, ನೀರಿನ ಸಂರಕ್ಷಣೆ, ಊರಿನ ಅಡಿಗೆಯ ಸಂಪ್ರದಾಯ, ಇವು ಅದರ ಭಾಗಗಳು. ಇದನ್ನು ನೋಡಿ ನಗುವವರುಂಟು. ನಾವು ನಗುವುದಿಲ್ಲ. ಬಾಗಿಲನ್ನಂತೂ ತೆರೆದಿದ್ದಾರೆ, ಒಳಗೆ ಏನನ್ನು ಒಯ್ಯಬೇಕೆಂಬುದು ಉಪಾಧ್ಯಾಯನಿಗೆ ಸೇರಿದ್ದು.

ನಾವು ಒಮ್ಮೆ ಏನನ್ನು ಒಯ್ದೆವೆಂಬುದನ್ನು ಹೇಳಿಬಿಡುತ್ತೇವೆ. ಮಾಗಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಶಿಬಿರ ನಡೆಸಿ ಗೋಮಾಳದ ಅಂಚಿನಲ್ಲಿ ಇನ್ನೂರು ಸಸಿಗಳನ್ನು ನೆಡಿಸಿದೆವು. ಮನೆಮನೆಗೆ ಹೋಗಿ ಸಮೀಕ್ಷೆಯ ಪತ್ರಗಳನ್ನು ತುಂಬಿಸಿದೆವು. ಮರುವರ್ಷ ಅದೇ ಹಳ್ಳಿಗೆ ಹೋದಾಗ ಉಳಿದಿದ್ದುವು ಹನ್ನೊಂದು ಸಸಿಗಳು. ಉಳಿದವನ್ನು ಕುರಿಗಳು ಮೇದಿದ್ದುವು. ಅವುಗಳದು ತಪ್ಪೆನ್ನಲಾಗದು, ಏಕೆಂದರೆ ಅದು ಅವು ಮೇಯುವ ಜಾಗ. ಸಮೀಕ್ಷೆಯ ಪತ್ರಗಳು ನಮ್ಮ ಇಲಾಖೆಯ ಬೀರುವಿನಲ್ಲಿ ಕಟ್ಟು ಬಿಚ್ಚದೆ ಇದ್ದುವು. ಜಗಲಿಯ ಮೇಲೆ ಕುಳಿತಿದ್ದ ಮುದುಕಿಯೊಬ್ಬಳನ್ನು ನಮ್ಮ ವಿದ್ಯಾರ್ಥಿನಿ ‘ಅಜ್ಜೀ, ಮನೇಲಿ ಎಷ್ಟು ಜನ?’ ಎಂದು ಕೇಳಿದಳು. ‘ಹೋದ್ ವರ್ಸ ಹೇಳಿದ್ನಲ್ಲವ್ವಾ, ಬರ್ಕೊಂಡ್ ಹೋದ್ರಲ್ಲಾ, ಅದ್ರಾಗೇ ನೋಡ್ಕೊ’ ಎಂದಳು ಆಕೆ. ಹುಡುಗಿ ನಮ್ಮ ಮುಖವನ್ನು ನೋಡಿದಳು. ನಮಗೆ ಉತ್ತರ ಹೊಳೆಯಲಿಲ್ಲ.

ಆ ಶಿಬಿರದ ಮತ್ತೊಂದು ಸಂಗತಿಯೂ ನೆನಪಿಗೆ ಬರುತ್ತದೆ. ಮಣ್ಣು ಹೊರುವ ಕೆಲಸದಲ್ಲಿ ನಗರದ ಹುಡುಗರು ಬಾಂಡಲಿಯನ್ನು ತಲೆಯ ಮೇಲಿಟ್ಟುಕೊಂಡು ಪಟ ತೆಗೆಸಿಕೊಳ್ಳುತ್ತಿದ್ದರೆ, ಪಕ್ಕದ ಹೋಬಳಿಯಿಂದಲೇ ಕಾಲೇಜಿಗೆ ಬರುತ್ತಿದ್ದ ಒಬ್ಬ ಹುಡುಗನು ಮಾತಿಲ್ಲದೆ ಅರ್ಧ ಗುಂಡಿಗಳನ್ನು ತಾನೇ ತೋಡಿಬಿಟ್ಟನು. ಸಂಜೆಯ ಸಭೆಯಲ್ಲಿ ಎಲ್ಲರೂ ಹಳ್ಳಿಯಿಂದ ತಾವು ಕಲಿತದ್ದನ್ನು ಹೇಳುವಾಗ ಅವನು, ‘ನಾನು ರಜಕ್ಕೆ ಮನೆಗೆ ಹೋಗಿದ್ದರೆ ಇದೇ ಕೆಲಸ ಮಾಡುತ್ತಿದ್ದೆ ಸಾರ್, ಅದಕ್ಕೆ ಯಾರೂ ಸರ್ಟಿಫಿಕೇಟು ಕೊಡುವುದಿಲ್ಲ’ ಎಂದನು. ಸೇವೆ ಮಾಡುವವರು ಒಂದು ಜಾತಿ, ಮಾಡಿಸಿಕೊಳ್ಳುವವರು ಇನ್ನೊಂದು ಜಾತಿ ಎಂಬ ನಂಬಿಕೆಯ ಮೇಲೆ ನಮ್ಮ ಶಿಬಿರಗಳು ನಿಂತಿವೆ. ಆದರೆ ನಮ್ಮ ತರಗತಿಗಳಲ್ಲಿ ಕುಳಿತಿರುವವರಲ್ಲಿ ಅರ್ಧಕ್ಕರ್ಧ ಮಂದಿ ಆ ಎರಡನೆಯ ಗುಂಪಿನ ಮನೆಗಳಿಂದಲೇ ಬಂದವರು. ಮಣ್ಣಿನ ಹದವನ್ನು ನೋಡಿ ಎಲ್ಲಿ ತೋಡಬಾರದೆಂಬುದನ್ನು ಆ ಹುಡುಗನು ಮೊದಲೇ ಬಲ್ಲವನಾಗಿದ್ದನು. ನಾವು ಅವನನ್ನು ಕೇಳಲಿಲ್ಲ.

ಹಾಗಾದರೆ ಸೇವೆಯು ವಿದ್ಯೆಯಾಗುವುದು ಹೇಗೆ? ನಮ್ಮ ಉಪನಗರದ ಪಕ್ಕದಲ್ಲಿಯೇ ಹರಿಯುವ ವೃಷಭಾವತಿಯನ್ನು ನಿದರ್ಶನವಾಗಿ ತೆಗೆದುಕೊಳ್ಳುತ್ತೇವೆ.

ಬಸವನಗುಡಿಯ ದೊಡ್ಡ ಬಸವಣ್ಣನ ಸನ್ನಿಧಿಯಲ್ಲಿ ಹುಟ್ಟುವುದರಿಂದ ಈ ನದಿಗೆ ಆ ಹೆಸರು. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯ ಮಗ್ಗುಲಿನಿಂದ ನಾಯಂಡಹಳ್ಳಿಗೆ ಬಂದು, ಕೆಂಗೇರಿ ಕುಂಬಳಗೋಡುಗಳನ್ನು ದಾಟಿ, ಬಿಡದಿಯ ಬಳಿಯ ಬೈರಮಂಗಲದ ಕೆರೆಯನ್ನು ತುಂಬಿ, ಮುಂದೆ ಅದು ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಕನಕಪುರದಾಚೆ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಈಗ ಅದರಲ್ಲಿ ಹರಿಯುವುದು ಬಹುಪಾಲು ನಗರದ ಕೊಳಚೆನೀರು ಎಂಬುದನ್ನು ಕೆಂಗೇರಿಯವರಿಗೆ ಯಾರೂ ಹೇಳಬೇಕಾಗಿಲ್ಲ. ಕಿಟಕಿ ತೆರೆದರೆ ಸಾಕು.

ಇದರ ದಂಡೆಯಲ್ಲಿ ಬಾಟಲಿಗಳನ್ನೂ ಪ್ಲಾಸ್ಟಿಕ್ ಚೀಲಗಳನ್ನೂ ಆಯ್ದರೆ ಒಂದು ಬೆಳಗಿನ ಸೇವೆಯಾಯಿತು. ಮುಂದಿನ ಮಳೆಗೆ ಅವು ಮತ್ತೆ ಬಂದಿರುತ್ತವೆ. ಅದೇ ವಿದ್ಯಾರ್ಥಿಗಳ ಕೈಗೆ ಒಂದು ಅಳತೆಯ ಪಟ್ಟಿ, ಒಂದು ಗಡಿಯಾರ ಮತ್ತು ಒಂದು ಕಿತ್ತಿಳೆ ಹಣ್ಣನ್ನು ಕೊಟ್ಟರೆ ಕಥೆ ಬೇರೆಯಾಗುತ್ತದೆ. ದಂಡೆಯಲ್ಲಿ ಹತ್ತು ಮೀಟರು ದೂರವನ್ನು ಗುರುತಿಟ್ಟು ಹಣ್ಣನ್ನು ನೀರಿಗೆ ಹಾಕಿ, ಅದು ಆ ದೂರವನ್ನು ಎಷ್ಟು ಸೆಕೆಂಡಿನಲ್ಲಿ ದಾಟಿತೆಂದು ನೋಡುವುದು. ಮೇಲಿನ ನೀರು ತಳದ ನೀರಿಗಿಂತ ಬೇಗ ಹರಿಯುವುದರಿಂದ ಬಂದ ವೇಗವನ್ನು ಸುಮಾರು 0.85ರಿಂದ ಗುಣಿಸುವುದು. ಹರಿವಿನ ಅಗಲ 8 ಮೀಟರು, ಸರಾಸರಿ ಆಳ ಅರ್ಧ ಮೀಟರು, ಹಣ್ಣಿನ ವೇಗ ಸೆಕೆಂಡಿಗೆ 0.6 ಮೀಟರು ಎಂದಿಟ್ಟುಕೊಳ್ಳೋಣ. ಆಗ ಸೆಕೆಂಡಿಗೆ ಸುಮಾರು 2,000 ಲೀಟರು. ಇಪ್ಪತ್ತನಾಲ್ಕು ಗಂಟೆಗೆ ಹದಿನೇಳೂವರೆ ಕೋಟಿ ಲೀಟರಿಗೂ ಹೆಚ್ಚು. ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಏಪ್ರಿಲ್ ತಿಂಗಳಿನಲ್ಲಿ, ತಿಂಗಳುಗಟ್ಟಲೆ ಮಳೆಯಿಲ್ಲದ ಕಾಲದಲ್ಲಿ, ಇಷ್ಟು ನೀರು ಎಲ್ಲಿಂದ ಬಂತೆಂದು ಯಾವನಾದರೂ ಒಬ್ಬ ಹುಡುಗನು ಕೇಳಿಯೇ ಕೇಳುತ್ತಾನೆ. ಸುಮಾರು ನೂರು ಕಿಲೋಮೀಟರು ದೂರದಿಂದ, ಐನೂರು ಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿ ತಂದ ಕಾವೇರಿಯ ನೀರೂ, ಕೊಳವೆ ಬಾವಿಗಳ ನೀರೂ ನಮ್ಮ ಸ್ನಾನದ ಮನೆಗಳನ್ನು ಹಾದು ಇಲ್ಲಿಗೆ ಇಳಿದಿವೆ ಎಂಬುದು ಆಗ ಅವನಿಗೆ ತಾನಾಗಿ ತಿಳಿಯುತ್ತದೆ. ಕಾವೇರಿಯಿಂದ ತಂದದ್ದನ್ನು ಕೆಡಿಸಿ ಕಾವೇರಿಗೇ ಹಿಂದಿರುಗಿಸುತ್ತಿದ್ದೇವೆ. ಇದನ್ನು ನಾವು ಕರಿಹಲಗೆಯ ಮುಂದೆ ನಿಂತು ಹೇಳಿದಾಗ ಯಾರೂ ತಲೆಯೆತ್ತಿರಲಿಲ್ಲ.

ಇನ್ನು ರಸಾಯನಶಾಸ್ತ್ರ. ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಅಳೆಯುವ ವಿಂಕ್ಲರ್ ಕ್ರಮವನ್ನು ಪ್ರಯೋಗಶಾಲೆಯಲ್ಲಿ ಮಕ್ಕಳು ನಲ್ಲಿಯ ನೀರಿನಿಂದ ಮಾಡಿ, ಪಕ್ಕದವನ ಅಂಕಿಯನ್ನು ನೋಡಿ ಬರೆದುಕೊಂಡು ಹೋಗುವುದು ವಾಡಿಕೆ. ನದಿಯ ನೀರಿನಲ್ಲಿ ಮಾಡಿಸಿದರೆ ಪಕ್ಕದವನ ಅಂಕಿ ಕೆಲಸಕ್ಕೆ ಬಾರದು. ಮ್ಯಾಂಗನೀಸಿನ ಲವಣವನ್ನೂ ಕ್ಷಾರವನ್ನೂ ಹಾಕಿದಾಗ ಆಮ್ಲಜನಕವಿದ್ದರೆ ಕಂದು ಬಣ್ಣದ ಗಸಿ ಬೀಳಬೇಕು. ಇಲ್ಲದಿದ್ದರೆ ಅದು ಬಿಳಿಯಾಗಿಯೇ ಉಳಿಯುತ್ತದೆ. ಆ ಬಿಳಿಯ ಗಸಿಯನ್ನು ಮೊದಲ ಸಲ ಕಂಡಾಗ ನಮ್ಮ ಹುಡುಗರು ಔಷಧ ಕೆಟ್ಟಿದೆಯೆಂದು ತಿಳಿದು ಎರಡನೆಯ ಸೀಸೆ, ಮೂರನೆಯ ಸೀಸೆ ಮಾಡಿದರು. ಆಮೇಲೆ ಸುಮ್ಮನಾದರು. ಮೀನು ಬದುಕಲಾರದ ನೀರೆಂಬ ಮಾತಿಗೆ ಅಂದು ಅವರ ಕಣ್ಣಮುಂದೆ ಒಂದು ಬಣ್ಣ ಬಂದಿತು. ಇನ್ನೊಂದು ಮಾತು: ಮಾದರಿಯನ್ನು ಸೇತುವೆಯ ಮೇಲಿನಿಂದ ಹಗ್ಗ ಕಟ್ಟಿದ ಬಕೇಟಿನಿಂದಲೇ ತೆಗೆಯಬೇಕು, ಹಣ್ಣನ್ನೂ ದಡದಿಂದಲೇ ಎಸೆಯಬೇಕು, ಆಳವನ್ನು ಸೇತುವೆಯಿಂದ ಗುಂಡುಕಟ್ಟಿದ ದಾರವನ್ನು ಇಳಿಬಿಟ್ಟು ನೋಡಬೇಕು. ಕೊಳಚೆಗೆ ಕಾಲಿಡಿಸುವುದು ಸೇವೆಯೂ ಅಲ್ಲ, ವಿದ್ಯೆಯೂ ಅಲ್ಲ. ದಿನವೂ ಅದಕ್ಕೆ ಇಳಿಯಬೇಕಾಗಿ ಬರುವ ಜನ ಯಾರು, ಏಕೆ ಅವರೇ ಇಳಿಯಬೇಕು ಎಂಬ ಪ್ರಶ್ನೆಯನ್ನು ಮಾತ್ರ ಆ ಸೇತುವೆಯ ಮೇಲೆ ನಿಂತೇ ಕೇಳಿಸಬೇಕು.

ಇಷ್ಟಾದರೂ ಇದು ಪಾಠವೇ ಹೊರತು ಸೇವೆಯಾಗಲಿಲ್ಲ. ನಾವು ಅಂಕಿಗಳನ್ನು ಕಟ್ಟಿಕೊಂಡು ಬೈರಮಂಗಲದ ಕಡೆಯ ರೈತರಲ್ಲಿಗೆ ಹೋದೆವು. ಆ ಸೀಮೆಯಲ್ಲಿ ಈ ನೀರಿನಿಂದಲೇ ಬೇಸಾಯ ನಡೆಯುತ್ತದೆ. ಹಿಂದೆ ಬತ್ತ ಬೆಳೆಯುತ್ತಿದ್ದ ಗದ್ದೆಗಳಲ್ಲಿ ಈಗ ದನದ ಮೇವಿನ ಹುಲ್ಲು, ಎಳೆ ಮುಸುಕಿನ ಜೋಳ, ಹಿಪ್ಪುನೇರಳೆ. ನೀರು ಕೆಟ್ಟದ್ದೆಂದು ತಿಳಿಸಿಕೊಡುವುದೇ ನಮ್ಮ ಸೇವೆಯೆಂದು ನಾವು ಭಾವಿಸಿದ್ದೆವು. ಅದನ್ನು ಕೇಳಿ ಒಬ್ಬ ರೈತನು ನಕ್ಕುಬಿಟ್ಟನು. ‘ಕೆಟ್ಟೈತೆ ಅಂತ ನಮ್ ಕೈಕಾಲಿನ ತುರಿಕೆ ಹೇಳ್ತದೆ ಸ್ವಾಮಿ, ನೀವ್ ಯಾವ ಹೊತ್ನಾಗೆ ನೀರ್ ಹಿಡಿದ್ರಿ?’ ಎಂದು ಕೇಳಿದನು. ಬೆಳಗ್ಗೆ ಹತ್ತೂವರೆಗೆ ಎಂದೆವು. ‘ರಾತ್ರಿ ಹಿಡೀರಿ. ಬಣ್ಣ ಬೇರೆ, ವಾಸ್ನೆ ಬೇರೆ’ ಎಂದನು. ಕಾಲೇಜಿನ ವೇಳಾಪಟ್ಟಿಗೆ ಅನುಕೂಲವಾದ ಹೊತ್ತನ್ನೇ ನದಿಯ ಹೊತ್ತೆಂದು ನಾವು ತಿಳಿದಿದ್ದೆವು. ಮನೆಗಳ ಕೊಳಚೆಯು ಬೆಳಗಿನಲ್ಲಿ ಉಕ್ಕಿ ನಡುರಾತ್ರಿಯ ಮೇಲೆ ತಗ್ಗುತ್ತದೆಂಬುದು ಪಠ್ಯಪುಸ್ತಕದಲ್ಲಿಯೇ ಇದೆ. ಕಾರ್ಖಾನೆಯ ನೀರಿಗೆ ಅಂಥ ನಿಯಮವಿಲ್ಲ. ಒಂದು ಹೊತ್ತಿನ ಒಂದು ಸೀಸೆಯಿಂದ ಒಂದು ದಿನದ ನದಿಯನ್ನು ಹೇಳಲಾಗದೆಂಬ ಪಾಠವನ್ನು ನಮಗೆ ಕಲಿಸಿದವನು ಆ ರೈತ.

ಸೇವಾಧ್ಯಯನದ ಬೆಲೆ ಇರುವುದು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ. ಹೊರಗಿನ ಕೆಲಸವು ವಿದ್ಯಾರ್ಥಿಯ ತಿಳಿವಳಿಕೆಯನ್ನು ತಪ್ಪೆಂದು ತೋರಿಸುವ ಶಕ್ತಿಯುಳ್ಳದ್ದಾಗಿರಬೇಕು, ಮತ್ತು ಆ ತಪ್ಪನ್ನು ಅವನು ತರಗತಿಗೆ ಹಿಂದಕ್ಕೆ ತರಬೇಕು. ಸಸಿ ನೆಟ್ಟು ಬಂದವನನ್ನು ಯಾರೂ ತಪ್ಪೆನ್ನುವುದಿಲ್ಲ. ಆದ್ದರಿಂದಲೇ ಅವನು ಏನನ್ನೂ ಕಲಿಯುವುದಿಲ್ಲ.

ದೊಡ್ಡ ವಿದ್ವಾಂಸರಿಗೂ ಇದು ತಪ್ಪಿದ್ದಲ್ಲ. ಕೆಂಗೇರಿಯಿಂದ ಪಶ್ಚಿಮಕ್ಕೆ ಮಾಗಡಿಯನ್ನು ದಾಟಿ ಮುಂದೆ ಹೋದರೆ ತುಮಕೂರು ಜಿಲ್ಲೆಯ ಕುಣಿಗಲು ತಾಲ್ಲೂಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಸಾಯನಶಾಸ್ತ್ರಜ್ಞರಾಗಿದ್ದ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗೆ ವಿಜ್ಞಾನವನ್ನು ಅನ್ವಯಿಸುವ ಸಲುವಾಗಿ ‘ಅಸ್ತ್ರ’ ಎಂಬ ಕೇಂದ್ರವನ್ನು ತೆರೆದರು. ಈ ತಾಲ್ಲೂಕಿನ ಉಂಗ್ರದಲ್ಲಿ ಅದರ ಶಾಖೆಯಿತ್ತು. ಅವರು ಮೊದಲು ಮಾಡಿದ ಕೆಲಸ ಉಪದೇಶವಲ್ಲ, ಅಳತೆ. ಹಳ್ಳಿಯ ಮನೆಗಳಲ್ಲಿ ಎಷ್ಟು ಸೌದೆ ಉರಿಯುತ್ತದೆ, ನೀರಿಗೂ ಸೌದೆಗೂ ಯಾರು ಎಷ್ಟು ಹೊತ್ತು ನಡೆಯುತ್ತಾರೆ ಎಂಬುದನ್ನು ಮನೆಮನೆಯಲ್ಲಿ ನೋಡಿ ಬರೆದರು. ಹಳ್ಳಿಯಲ್ಲಿ ವೆಚ್ಚವಾಗುವ ಶಕ್ತಿಯ ಬಹುಪಾಲು ಸೌದೆಯದು, ಅದು ಹೋಗುವುದು ಅಡಿಗೆಗೆ ಎಂದು ಕಂಡುಬಂದಿತು. ಇದರಿಂದಲೇ ಅಸ್ತ್ರ ಒಲೆ ಹುಟ್ಟಿತು. ಪುರ ಎಂಬ, ಐನೂರಕ್ಕೂ ಕಡಿಮೆ ಜನರಿದ್ದ ಹಳ್ಳಿಯಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸಿನ ಸ್ಥಾವರವನ್ನು ಕಟ್ಟಿ ಮನೆಗಳಿಗೆ ಅಡಿಗೆಯ ಅನಿಲವನ್ನು ಕೊಡುವ ಪ್ರಯತ್ನವೂ ನಡೆಯಿತು. ಲೆಕ್ಕ ಸರಿಯಾಗಿಯೇ ಇತ್ತೆಂದು ತೋರುತ್ತಿತ್ತು. ಆದರೆ ಎಲ್ಲ ಮನೆಗಳ ಅಡಿಗೆಗೆ ಸಾಲುವಷ್ಟು ಸಗಣಿ ಒದಗಲಿಲ್ಲ, ಪ್ರಯತ್ನ ನಿಂತಿತು.

ಬೇರೆಯವರಾಗಿದ್ದರೆ ಹಳ್ಳಿಯವರ ಸಹಕಾರ ಸಾಲದೆಂದು ವರದಿ ಬರೆದು ಹಿಂದಿರುಗುತ್ತಿದ್ದರು. ಇವರು ಹಳ್ಳಿಯವರೊಡನೆ ಕುಳಿತು ಅವರಿಗೆ ಬೇಕಾದದ್ದೇನೆಂದು ಕೇಳಿದರು. ಅವರಿಗೆ ಮೊದಲು ಬೇಕಾಗಿದ್ದುದು ಅನಿಲವಲ್ಲ, ಕುಡಿಯುವ ನೀರು. 1987ರಿಂದ ಅದೇ ಸಗಣಿಯ ಅನಿಲದಿಂದ ಎಂಜಿನನ್ನು ನಡೆಸಿ ವಿದ್ಯುತ್ತನ್ನು ಉತ್ಪಾದಿಸಿ, ಕೊಳವೆ ಬಾವಿಯ ನೀರನ್ನೆತ್ತಿ ಮನೆಗಳ ಬಳಿಗೆ ನಲ್ಲಿಯಲ್ಲಿ ಕೊಟ್ಟರು; ಮನೆಗಳಿಗೆ ದೀಪವೂ ಬಂತು; ಸಗಣಿ ತಂದವರಿಗೆ ಬಗ್ಗಡ ಗೊಬ್ಬರವಾಗಿ ಹಿಂದಕ್ಕೆ ಹೋಯಿತು. ಸ್ಥಾವರವನ್ನು ನಡೆಸುವುದನ್ನು ಊರ ಹುಡುಗರೇ ಕಲಿತರು. ಅದು ವರ್ಷಗಟ್ಟಲೆ ನಡೆದು, ಲೋಕದ ವಿದ್ವಾಂಸರು ಎತ್ತಿ ಹೇಳುವ ನಿದರ್ಶನವಾಯಿತು. ಸಿಗ್ಮನ್ನರ ಮೊದಲನೆಯ ಸೂತ್ರ ಕುಣಿಗಲು ತಾಲ್ಲೂಕಿನಲ್ಲಿ ಹೀಗೆ ಸಿದ್ಧವಾದದ್ದನ್ನು ನಾವು ನಮ್ಮ ವಿದ್ಯಾರ್ಥಿಗಳಿಗೆ ಪ್ರತಿವರ್ಷವೂ ಹೇಳುತ್ತೇವೆ.

ಇದಕ್ಕೆಲ್ಲ ಹೊತ್ತೆಲ್ಲಿದೆ, ಪಾಠಗಳೇ ಮುಗಿಯುವುದಿಲ್ಲವಲ್ಲ ಎಂದು ನಮ್ಮ ಸಹೋದ್ಯೋಗಿಗಳು ಆಕ್ಷೇಪಿಸುತ್ತಾರೆ. ಆಕ್ಷೇಪ ಹುರುಳಿಲ್ಲದ್ದಲ್ಲ. ಸಂಜೆಯ ಹೊತ್ತು ಅಂಗಡಿಯಲ್ಲಿ ದುಡಿದು ಓದುವ ಹುಡುಗರಿಗೆ ಈ ಗಂಟೆಗಳು ಇನ್ನೊಂದು ಹೊರೆ. ರಾತ್ರಿ ಮಾದರಿ ತೆಗೆಯಲು ಹೊರಡುವ ಹುಡುಗಿಗೆ ಮನೆಯವರು ಒಪ್ಪಬೇಕು, ಕಾಲೇಜು ವಾಹನ ಕೊಡಬೇಕು. ಅದಕ್ಕೆ ನಾವು ಕಂಡುಕೊಂಡ ದಾರಿ ಒಂದೇ. ಇದನ್ನು ಪಾಠದ ಮೇಲಣ ಹೆಚ್ಚಿನ ಕೆಲಸವಾಗಿಡದೆ, ಇರುವ ಪ್ರಯೋಗಗಳಲ್ಲಿ ನಾಲ್ಕನ್ನು ತೆಗೆದು ಅವುಗಳ ಜಾಗದಲ್ಲಿ ಇದನ್ನಿಡುವುದು. ಅಂಕಗಳ ವಿಷಯ ಇನ್ನೂ ತೊಡಕಿನದು. ಗಂಟೆಗೆ ಅಂಕ ಕೊಟ್ಟರೆ ಗಂಟೆ ತುಂಬಿಸುತ್ತಾರೆ. ವರದಿಗೆ ಕೊಟ್ಟರೆ ಹಿಂದಿನ ವರ್ಷದವರ ವರದಿಯನ್ನು ನಕಲು ಮಾಡುತ್ತಾರೆ. ಅಂಥ ನಕಲುಗಳಿಗೆ ನಾವೇ ಅಂಕ ಕೊಟ್ಟದ್ದುಂಟು, ತಿಳಿದೂ ತಿಳಿದೂ. ಈಗ ನಾವು ಒಂದೇ ಪ್ರಶ್ನೆಯನ್ನು ಮುಖಾಮುಖಿ ಕೇಳುತ್ತೇವೆ: ಹೋಗುವ ಮೊದಲು ನೀನು ನಂಬಿದ್ದ ಯಾವ ಸಂಗತಿ ಅಲ್ಲಿ ಸುಳ್ಳಾಯಿತು? ಏನೂ ಸುಳ್ಳಾಗಲಿಲ್ಲವೆನ್ನುವವನಿಗೆ ಮತ್ತೊಮ್ಮೆ ಹೋಗಿಬರುವಂತೆ ಹೇಳುತ್ತೇವೆ.

ರಾತ್ರಿಯ ಮಾದರಿಗಳನ್ನು ನಾವು ಕಳೆದ ಬೇಸಗೆಯಲ್ಲಿ ತೆಗೆದೆವು. ಸಂಜೆ ಆರರಿಂದ ಬೆಳಗಿನ ಆರರವರೆಗೆ, ಎರಡು ಗಂಟೆಗೊಂದರಂತೆ ಏಳು ಸೀಸೆಗಳು. ಏಳರಲ್ಲಿ ಎರಡು ಸೀಸೆಗಳ ಬಣ್ಣವನ್ನು ಪರೀಕ್ಷೆಗೆ ಮೊದಲೇ ಬರಿಗಣ್ಣಿನಿಂದ ಬೇರೆಯೆಂದು ಹೇಳಬಹುದಾಗಿತ್ತು. ಆ ಅಂಕಿಗಳನ್ನು ಹಾಳೆಗಳ ಮೇಲೆ ಕನ್ನಡದಲ್ಲಿ ದಪ್ಪ ಅಕ್ಷರದಿಂದ ಬರೆದು ಹಾಲಿನ ಡೈರಿಯ ಗೋಡೆಗೆ ಅಂಟಿಸಿ, ಪಕ್ಕದಲ್ಲಿ ನಿಂತು ಓದಿ ಹೇಳುವ ಕೆಲಸವನ್ನು ವಿದ್ಯಾರ್ಥಿಗಳು ಮಾಡಿದರು. ಆ ರೈತನೂ ಬಂದಿದ್ದನು. ಕೊನೆಯವರೆಗೂ ಕೇಳಿ, ‘ಈ ಪಟ್ಟೀನ ಒಂದ್ ಪ್ರತಿ ಸಹಿ ಹಾಕಿ ಕೊಡಿ, ಆಫೀಸಿಗೆ ತಕ್ಕೊಂಡ್ ಹೋಗ್ಬೇಕು’ ಎಂದನು. ಹುಡುಗರು ನಮ್ಮ ಕಡೆಗೆ ತಿರುಗಿದರು. ಅಂಕಿಗಳು ಅವರವು, ಸಹಿಯನ್ನು ಅವರೇ ಹಾಕಲೆಂದು ಹೇಳಿದೆವು. ಸಹಿ ಹಾಕುವ ಮುಂಚೆ ಅವರು ಪ್ರತಿ ಅಂಕಿಯನ್ನೂ ಇನ್ನೊಮ್ಮೆ ಗುಣಿಸಿ ಭಾಗಿಸಿ ನೋಡಿದರು. ಮೂರನೆಯ ಸಾಲಿನಲ್ಲಿ ದಶಾಂಶದ ಚುಕ್ಕೆ ಒಂದು ಮನೆ ಜರುಗಿತ್ತು. ಅದನ್ನು ತಿದ್ದಿ, ತಿದ್ದಿದಲ್ಲಿ ಮತ್ತೆ ಸಹಿ ಹಾಕಿ, ಪಟ್ಟಿಯನ್ನು ಅವನ ಕೈಗೆ ಕೊಟ್ಟರು.